ಸಿಡ್ನಿ ಬಂದರಿನ ಮೇಲೆ ಹೆಲಿಕಾಪ್ಟರ್ ಸುತ್ತು: ಹೋಗುವ ಮುಂಚೆ, ಹೋದಾಗ

ಸಿಡ್ನಿಯಲ್ಲಿ ಹೆಲಿಕಾಪ್ಟರ್ ಸುತ್ತು ಅಂದರೆ ಸಾಮಾನ್ಯವಾಗಿ 20ರಿಂದ 30 ನಿಮಿಷ. ಒಬ್ಬರಿಗೆ ಕೆಲವು ನೂರು ಆಸ್ಟ್ರೇಲಿಯನ್ ಡಾಲರ್ ಬೀಳುತ್ತದೆ. ಅಷ್ಟು ದುಡ್ಡು ಕೊಟ್ಟು ಹತ್ತಿದವರಲ್ಲಿ ತುಂಬಾ ಜನ ಒಪೆರಾ ಹೌಸ್, ಸೇತುವೆ ಎರಡನ್ನೇ ನೋಡಿ ಇಳಿದುಬಿಡುತ್ತಾರೆ. ಆ ಎರಡೂ ದಡದಿಂದ, ಫೆರ್ರಿಯಿಂದ ಚೆನ್ನಾಗಿಯೇ ಕಾಣುತ್ತವೆ. ಮೇಲಿನಿಂದ ಮಾತ್ರ ಕಾಣುವುದು ಬೇರೆಯೇ ಇದೆ. ಈ ಊರು ಇಲ್ಲೇ ಯಾಕೆ ಹುಟ್ಟಿತು ಅನ್ನುವುದು ಕಣ್ಣೆದುರೇ ಬಿಡಿಸಿಕೊಳ್ಳುತ್ತದೆ. ಅದನ್ನು ನೋಡಬೇಕಾದರೆ ಸ್ವಲ್ಪ ತಯಾರಿ ಬೇಕು. ಅದಕ್ಕಾಗಿಯೇ ಈ ಬರಹ.

ಹೆಜ್ಜೆ 1: ನಕ್ಷೆ ಮುಂದಿಟ್ಟುಕೊಂಡು ಕೂರಿ

ಬುಕಿಂಗ್‌ಗೂ ಮುಂಚಿನ ಕೆಲಸ ಇದು. ಅರ್ಧ ಗಂಟೆ ಸಾಕು. ಫೋನಿನಲ್ಲಿ ಸಿಡ್ನಿಯ ಉಪಗ್ರಹ ನಕ್ಷೆ ತೆರೆಯಿರಿ.

ಕೆಳಗೆ, ದಕ್ಷಿಣದಲ್ಲಿ, ದುಂಡಗಿನ ಒಂದು ದೊಡ್ಡ ಕೊಲ್ಲಿ ಇದೆ. ಅದು ಬಾಟನಿ ಬೇ. ವಿಮಾನ ನಿಲ್ದಾಣ ಅದರ ದಡದಲ್ಲೇ ಇದೆ. ಅಲ್ಲಿಂದ ಕರಾವಳಿ ಹಿಡಿದು ಉತ್ತರಕ್ಕೆ ಬನ್ನಿ. ಬಾಂಡೈ ಕಡಲತೀರ ದಾಟಿ ಸ್ವಲ್ಪ ಮುಂದೆ ಬಂಡೆಗಳ ನಡುವೆ ಒಂದು ಬಾಗಿಲು ಸಿಗುತ್ತದೆ. ದಕ್ಷಿಣಕ್ಕೆ ಸೌತ್ ಹೆಡ್, ಉತ್ತರಕ್ಕೆ ನಾರ್ತ್ ಹೆಡ್. ಎರಡನ್ನೂ ಸೇರಿಸಿ ಹೆಡ್ಸ್ ಅನ್ನುತ್ತಾರೆ. ಆ ಬಾಗಿಲ ಒಳಗೆ ನೀರು ಪಶ್ಚಿಮಕ್ಕೆ ನುಗ್ಗಿ, ಬಿಡಿಸಿಟ್ಟ ಕೈಬೆರಳುಗಳ ಹಾಗೆ ಕವಲೊಡೆಯುತ್ತದೆ. ಪೋರ್ಟ್ ಜಾಕ್ಸನ್ ಅಂದರೆ ಇದೇ. ಅದರ ಮುಖ್ಯ ಭಾಗವನ್ನೇ ಎಲ್ಲರೂ ಸಿಡ್ನಿ ಹಾರ್ಬರ್ ಅನ್ನುತ್ತಾರೆ.

ಈ ಆಕಾರಕ್ಕೆ ಕಾರಣ ಇದೆ. ಇದು ಮುಳುಗಿದ ನದಿ ಕಣಿವೆ. ಮರಳುಗಲ್ಲಿನ ನೆಲವನ್ನು ನದಿ ಆಳವಾಗಿ ಕೊರೆದಿತ್ತು. ಕೊನೆಯ ಹಿಮಯುಗ ಮುಗಿದ ಮೇಲೆ ಸಮುದ್ರ ಏರಿ ಕಣಿವೆಯೊಳಗೆ ನುಗ್ಗಿತು. ದಿಣ್ಣೆಗಳು ನೀರಿಗೆ ಚಾಚಿದ ಮೂತಿಗಳಾದವು. ಗುಡ್ಡದ ತುದಿಗಳು ದ್ವೀಪಗಳಾದವು. ನೀರು ದಡದ ಹತ್ತಿರವೂ ಆಳವಾಗಿಯೇ ಉಳಿಯಿತು. ಹಡಗಿಗೆ ಬೇಕಾದದ್ದೂ ಅದೇ.

ಈಗ 1788ಕ್ಕೆ ಬನ್ನಿ. ಆರ್ಥರ್ ಫಿಲಿಪ್ ಅವರ ನಾಯಕತ್ವದಲ್ಲಿ ಕೈದಿಗಳನ್ನು ಕರೆತಂದ 11 ಹಡಗುಗಳ ಪಡೆ ಇಂಗ್ಲೆಂಡಿನಿಂದ ಮೊದಲು ಬಂದದ್ದು ಬಾಟನಿ ಬೇಗೆ. 1770ರಲ್ಲಿ ಜೇಮ್ಸ್ ಕುಕ್ ಇಳಿದಿದ್ದ ಜಾಗ ಅದು. ಫಿಲಿಪ್‌ಗೆ ಅದು ಹಿಡಿಸಲಿಲ್ಲ. ಕೊಲ್ಲಿ ಆಳವಿರಲಿಲ್ಲ, ಗಾಳಿಗೆ ತೆರೆದುಕೊಂಡಿತ್ತು, ಒಳ್ಳೆಯ ಸಿಹಿನೀರೂ ಸಾಕಷ್ಟು ಸಿಗಲಿಲ್ಲ. ದೋಣಿಯಲ್ಲಿ ಉತ್ತರಕ್ಕೆ ಹೋಗಿ ಹುಡುಕಿದಾಗ ಈ ಬಂದರು ಸಿಕ್ಕಿತು. ಕುಕ್ ಅದರ ಬಾಯಿಯನ್ನು ನೋಡಿ, ಹೆಸರಿಟ್ಟು, ಒಳಗೆ ಹೋಗದೆ ಮುಂದೆ ಸಾಗಿದ್ದರು. ಸಿಹಿನೀರಿನ ತೊರೆಯಿದ್ದ ಒಂದು ಪುಟ್ಟ ಕೊಲ್ಲಿಯನ್ನು ಫಿಲಿಪ್ ಆರಿಸಿಕೊಂಡರು. 1788ರ ಜನವರಿ 26ರಂದು ಎಲ್ಲರೂ ಅಲ್ಲಿಗೆ ಬಂದರು. ಇವತ್ತಿನ ಸರ್ಕ್ಯುಲರ್ ಕೀ ಫೆರ್ರಿ ನಿಲ್ದಾಣ ಇರುವುದು ಅಲ್ಲೇ.

ಆ ಕೊಲ್ಲಿ ಖಾಲಿ ಇರಲಿಲ್ಲ ಅನ್ನುವುದನ್ನೂ ನೆನಪಿಡಿ. ಅದು ಮೂಲನಿವಾಸಿಗಳಾದ ಗಾಡಿಗಲ್ ಜನರ ನೆಲ. ಅವರು ಅದನ್ನು ವಾರೇನ್ ಅನ್ನುತ್ತಿದ್ದರು. ಮರುವರ್ಷ, 1789ರಲ್ಲಿ, ಸಿಡುಬು ಬಂದು ಅವರಲ್ಲಿ ತುಂಬಾ ಜನರನ್ನು ಬಲಿ ತೆಗೆದುಕೊಂಡಿತು. ಜನವರಿ 26 ಅಲ್ಲಿ ರಾಷ್ಟ್ರೀಯ ದಿನ, ಆಸ್ಟ್ರೇಲಿಯಾ ಡೇ. ಈ ಕಾರಣಕ್ಕೇ ಇವತ್ತಿಗೂ ಅದು ಎಲ್ಲರಿಗೂ ಒಂದೇ ಅರ್ಥದ ದಿನವಲ್ಲ.

ಹೆಲಿಕಾಪ್ಟರ್ ಕೆಲವೇ ನಿಮಿಷಗಳಲ್ಲಿ ಈ ಎರಡೂ ಕೊಲ್ಲಿಗಳನ್ನು ನಿಮಗೆ ತೋರಿಸುತ್ತದೆ. ಒಂದು ಅಗಲವಾಗಿ ಬಾಯಿ ತೆರೆದದ್ದು, ಇನ್ನೊಂದು ಮಡಿಕೆ ಮಡಿಕೆಯಾಗಿ ಒಳಗೆ ಅಡಗಿದ್ದು. ಫಿಲಿಪ್ ಯಾಕೆ ಇಲ್ಲಿಗೆ ಬಂದರು ಅಂತ ಯಾರೂ ವಿವರಿಸಬೇಕಾಗಿಲ್ಲ. ಕಂಡೇಬಿಡುತ್ತದೆ.

ಹೆಜ್ಜೆ 2: ಯಾವ ಸುತ್ತು ಅಂತ ತೀರ್ಮಾನಿಸಿ

ಜಾಹೀರಾತಿನಲ್ಲಿ ನಿಮಿಷ ನೋಡಬೇಡಿ, ದಾರಿ ನೋಡಿ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: "ಹೆಡ್ಸ್ ತನಕ ಹೋಗುತ್ತೀರಾ?" ಕರಾವಳಿ ಹಿಡಿದು ಬಂದು, ಆ ಬಾಗಿಲ ಮೂಲಕ ಬಂದರಿನೊಳಗೆ ತಿರುಗುವ ದಾರಿಯೇ ಒಳ್ಳೆಯದು. ಹಡಗುಗಳು ಬಂದ ದಾರಿಯೂ ಅದೇ ಅಲ್ವಾ. ನಗರದ ಮೇಲೆ ಮಾತ್ರ ಒಂದು ಸುತ್ತು ಹೊಡೆದು ವಾಪಸ್ ಬರುವ ಅಗ್ಗದ ಹಾರಾಟಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಇದನ್ನು ತೆಗೆದುಕೊಳ್ಳಿ.

ಹೊರಡುವ ಜಾಗವನ್ನೂ ನೋಡಿಕೊಳ್ಳಿ. ಕೆಲವು ಹಾರಾಟಗಳು ಮ್ಯಾಸ್ಕಾಟ್‌ನ ಮುಖ್ಯ ವಿಮಾನ ನಿಲ್ದಾಣದ ಆವರಣದಿಂದ ಹೊರಡುತ್ತವೆ, ಕೆಲವು ಪಶ್ಚಿಮದ ಬ್ಯಾಂಕ್ಸ್‌ಟೌನ್‌ನಿಂದ. ಬ್ಯಾಂಕ್ಸ್‌ಟೌನ್‌ನಿಂದ ಹೊರಟರೆ ಬಂದರು ತಲುಪುವುದಕ್ಕೇ ಒಂದಷ್ಟು ನಿಮಿಷ ಹೋಗುತ್ತದೆ. ಒಟ್ಟು ಸಮಯದಲ್ಲಿ ಅದನ್ನು ಕಳೆದು ಲೆಕ್ಕ ಹಾಕಿ.

ಹೆಲಿಕಾಪ್ಟರ್ ಯಾವುದು ಅನ್ನುವುದೂ ಮುಖ್ಯ. ರಾಬಿನ್ಸನ್ ಆರ್44 ಚಿಕ್ಕದು. ಪೈಲಟ್ ಜೊತೆ ಮೂವರು ಕೂರಬಹುದು, ಎಲ್ಲರಿಗೂ ಕಿಟಕಿ ಸಿಗುತ್ತದೆ. ಬೆಲ್ 206ರಲ್ಲಿ ಹಿಂದೆ ಮೂವರು. ನಡುವೆ ಕೂತವರಿಗೆ ನೋಟ ಕಡಿಮೆ. ಏರ್‌ಬಸ್ ಎಚ್125 ಇನ್ನೂ ದೊಡ್ಡದು. ಇಸಿ130ಯಲ್ಲಿ ಮುಂದಿನ ಗಾಜು ಅಗಲವಾಗಿದೆ, ಹಿಂದಿನವರಿಗೂ ಚೆನ್ನಾಗಿ ಕಾಣುತ್ತದೆ. ಇಬ್ಬರು ಮೂವರೇ ಹೋಗುವುದಾದರೆ ಚಿಕ್ಕ ಹೆಲಿಕಾಪ್ಟರ್ ಪೂರ್ತಿ ತೆಗೆದುಕೊಳ್ಳುವುದಕ್ಕೂ, ದೊಡ್ಡದರಲ್ಲಿ ಬೇರೆಯವರ ಜೊತೆ ಹೋಗುವುದಕ್ಕೂ ದರದಲ್ಲಿ ಎಷ್ಟು ವ್ಯತ್ಯಾಸ ಅಂತ ಕೇಳಿ ನೋಡಿ.

ಬಾಗಿಲು ತೆಗೆದಿಟ್ಟು ಹಾರುವ ಸುತ್ತುಗಳೂ ಇವೆ. ಫೋಟೊ ತೆಗೆಯುವುದೇ ನಿಮ್ಮ ಕೆಲಸವಾದರೆ ಸರಿ. ಮೊದಲ ಸಲಕ್ಕೆ, ಮಕ್ಕಳ ಜೊತೆಗೆ, ಬಾಗಿಲು ಇರಲಿ.

ಹೆಜ್ಜೆ 3: ತಿಂಗಳು ಮತ್ತು ಹೊತ್ತು

ಇಲ್ಲಿ ನಮ್ಮ ಅಭ್ಯಾಸ ತಲೆಕೆಳಗಾಗುತ್ತದೆ. ಸಿಡ್ನಿ ಭೂಮಧ್ಯರೇಖೆಯಿಂದ ತುಂಬಾ ದಕ್ಷಿಣಕ್ಕಿದೆ. ಹಾಗಾಗಿ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದ ಆಕಾಶದಲ್ಲಿರುತ್ತಾನೆ. ಚಳಿಗಾಲದಲ್ಲಂತೂ, ಅಂದರೆ ಜೂನ್ ಜುಲೈನಲ್ಲಿ, ಸಾಕಷ್ಟು ಕೆಳಗೇ ಇರುತ್ತಾನೆ. ಹೆಲಿಕಾಪ್ಟರ್ ಬಂದರಿನ ಉತ್ತರ ದಡದ ಮೇಲಿದ್ದು ನೀವು ದಕ್ಷಿಣಕ್ಕೆ, ನಗರದ ಕಡೆ ನೋಡಿದರೆ ಬಿಸಿಲು ನಿಮ್ಮ ಬೆನ್ನಿಗಿರುತ್ತದೆ. ಒಪೆರಾ ಹೌಸ್ ಬೆಳಗುತ್ತದೆ. ನಗರದ ಕಡೆಯಿಂದ ಉತ್ತರಕ್ಕೆ ನೋಡಿದರೆ ಸೇತುವೆ ಕಪ್ಪಗೆ, ನೀರು ಕಣ್ಣು ಕುಕ್ಕುವ ಹಾಗೆ ಕಾಣುತ್ತದೆ.

ಬೆಳಗ್ಗೆ ಹಾರಿದರೆ ಇನ್ನೊಂದು ಲಾಭ. ಹೆಡ್ಸ್‌ನಿಂದ ಪಶ್ಚಿಮಕ್ಕೆ ಬರುವಾಗ ಸೂರ್ಯ ಹಿಂದೆ ಇರುತ್ತಾನೆ. ದಡದ ಪ್ರತಿಯೊಂದು ಮಡಿಕೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಸಂಜೆ ಅದೇ ದಾರಿಯಲ್ಲಿ ಬಂದರೆ ಬಿಸಿಲು ಎದುರಿಗೆ. ಸೇತುವೆಯ ಕಮಾನು ಕಪ್ಪು ರೇಖೆಯಾಗಿ ಕಾಣುತ್ತದೆ. ಅದೂ ಚಂದವೇ, ಆದರೆ ವಿವರ ಕಾಣುವುದಿಲ್ಲ. ನನ್ನನ್ನು ಕೇಳಿದರೆ ಬೆಳಗ್ಗೆಯೇ ಹೋಗಿ.

ಗಾಳಿಯ ಲೆಕ್ಕವೂ ಬೆಳಗಿನ ಪರವಾಗಿಯೇ ಇದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಈಶಾನ್ಯದಿಂದ ಕಡಲಗಾಳಿ ಏಳುತ್ತದೆ, ಹಾರಾಟ ಕುಲುಕುತ್ತದೆ. ಬೇಸಿಗೆ ಅಂದರೆ ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ. ಆ ದಿನಗಳಲ್ಲಿ ಗುಡುಗು ಮಳೆ ಬರುವುದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. "ಸದರ್ಲಿ ಬಸ್ಟರ್" ಅಂತ ಅಲ್ಲಿನವರು ಕರೆಯುವ ಒಂದು ಗಾಳಿ ಇದೆ. ಸೆಖೆಯ ದಿನದಲ್ಲಿ ದಕ್ಷಿಣದಿಂದ ಥಟ್ಟನೆ ನುಗ್ಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ತಾಪಮಾನ ಸರ್ರನೆ ಇಳಿಯುತ್ತದೆ. ಹವಾಮಾನ ವರದಿಯಲ್ಲಿ ಆ ಮಾತು ಕಂಡರೆ ಹಾರಾಟದ ಸಮಯ ಬದಲಾಗಬಹುದು ಅಂತ ತಿಳಿದುಕೊಳ್ಳಿ.

ಚಳಿಗಾಲದ ಕೊನೆ, ಅಂದರೆ ಆಗಸ್ಟ್ ಸೆಪ್ಟೆಂಬರ್, ಮಳೆ ಕಡಿಮೆ, ಗಾಳಿ ತಿಳಿ. ಒಂದು ತೊಂದರೆ ಮಾತ್ರ ಇದೆ. ಕಾಳ್ಗಿಚ್ಚು ತಡೆಯಲು ಊರಿನ ಸುತ್ತಲಿನ ಕಾಡಿನಲ್ಲಿ ಮುಂಚಿತವಾಗಿ ಬೆಂಕಿ ಹಾಕಿ ಒಣಕಲನ್ನು ಸುಡುವುದು ಅಲ್ಲಿನ ಪದ್ಧತಿ. ಆ ಕೆಲಸ ನಡೆಯುವ ಕೆಲವು ದಿನ ಹೊಗೆ ನಗರದ ಮೇಲೆ ಕೂತುಬಿಡುತ್ತದೆ. ಎರಡು ದಿನ ಮುಂಚೆ ಸುದ್ದಿ ನೋಡಿಕೊಂಡರೆ ಒಳ್ಳೆಯದು.

ಡಿಸೆಂಬರ್ 26ರಂದು ಸಿಡ್ನಿಯಿಂದ ಹೋಬರ್ಟ್‌ಗೆ ಹೋಗುವ ಹಾಯಿದೋಣಿ ಪಂದ್ಯ ಹೊರಡುತ್ತದೆ. 1945ರಿಂದ ನಡೆದುಬಂದದ್ದು. ಮೇಲಿನಿಂದ ಆ ನೋಟ ದೊಡ್ಡದೇ. ಆದರೆ ಆ ದಿನಕ್ಕೆ ತುಂಬಾ ಮುಂಚೆಯೇ ಬುಕ್ ಮಾಡಬೇಕು.

ಹೆಜ್ಜೆ 4: ದುಡ್ಡು ಕಟ್ಟುವ ಮುಂಚೆ ಕೇಳಿ

ಮೊದಲು ಪರವಾನಗಿ. ಆಸ್ಟ್ರೇಲಿಯಾದಲ್ಲಿ ವಿಮಾನಯಾನದ ಸುರಕ್ಷತೆಯನ್ನು ನೋಡಿಕೊಳ್ಳುವುದು ಕಾಸಾ ಅನ್ನುವ ಪ್ರಾಧಿಕಾರ. ದುಡ್ಡು ತೆಗೆದುಕೊಂಡು ಪ್ರಯಾಣಿಕರನ್ನು ಹಾರಿಸುವ ಸಂಸ್ಥೆಗೆ ಅದು ಕೊಟ್ಟ ಏರ್ ಆಪರೇಟರ್ಸ್ ಸರ್ಟಿಫಿಕೇಟ್ ಇರಬೇಕು. ಕಾಸಾದ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಬಹುದು. ನೀವು ಟಿಕೆಟ್ ಕೊಳ್ಳುವ ಜಾಲತಾಣ ಬೇರೆಯವರದ್ದಾಗಿರಬಹುದು, ಹಾರಿಸುವವರು ಬೇರೆ ಇರಬಹುದು. ಹಾರಿಸುವವರ ಹೆಸರನ್ನೇ ಕೇಳಿ ಹುಡುಕಿ.

ಆಮೇಲೆ ತೂಕ. ಇದನ್ನು ಯಾರೂ ನಾಚಿಕೆಯ ವಿಷಯ ಮಾಡಿಕೊಳ್ಳಬಾರದು. ಬುಕಿಂಗ್ ಮಾಡುವಾಗ ಎಲ್ಲರ ತೂಕ ಕೇಳುತ್ತಾರೆ. ಹಾರುವ ಮುಂಚೆ ತಕ್ಕಡಿ ಮೇಲೂ ನಿಲ್ಲಿಸುತ್ತಾರೆ. ಹೆಲಿಕಾಪ್ಟರ್ ಚಿಕ್ಕ ಯಂತ್ರ. ಭಾರ ಎಲ್ಲಿ ಕೂತಿದೆ ಅನ್ನುವುದರ ಮೇಲೆ ಅದರ ಸಮತೋಲನ ನಿಂತಿದೆ. ಹಾಗಾಗಿ ಸೀಟು ಹಂಚುವುದು ತೂಕ ನೋಡಿ, ಬುಕಿಂಗ್ ಕ್ರಮ ನೋಡಿ ಅಲ್ಲ. ಗಂಡ ಹೆಂಡತಿ ಪಕ್ಕಪಕ್ಕ ಸಿಗದೇ ಹೋಗಬಹುದು. ತೂಕ ಕಡಿಮೆ ಹೇಳಿದರೆ ಆ ದಿನ ಬೇರೆಯವರ ಹಾರಾಟವೂ ಕೆಡುತ್ತದೆ. ನಿಜ ಹೇಳಿ. ತುಂಬಾ ತೂಕದವರಿಗೆ ಕೆಲವು ಕಡೆ ಹೆಚ್ಚಿನ ದರ ಹಾಕುತ್ತಾರೆ. ಮುಂಚೆಯೇ ಕೇಳಿಕೊಂಡರೆ ಅಲ್ಲಿ ಹೋಗಿ ಮುಜುಗರ ಪಡುವುದು ತಪ್ಪುತ್ತದೆ.

ಹವಾಮಾನ ಕೆಟ್ಟರೆ ಏನು ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಅವರೇ ರದ್ದು ಮಾಡಿದರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಜನ ಸಾಲದೆ ರದ್ದಾದರೆ? ಸುತ್ತನ್ನು ಊರಿಗೆ ಬಂದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ. ಆಗ ಮುಂದೂಡಿದರೂ ಕೈಯಲ್ಲಿ ದಿನ ಉಳಿದಿರುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಮೋಡ ನಿಮ್ಮ ಮಾತು ಕೇಳುವುದಿಲ್ಲ.

ದರದ ವಿಷಯದಲ್ಲಿ ಒಂದು ಸಮಾಧಾನ. ಆಸ್ಟ್ರೇಲಿಯಾದ ಕಾನೂನಿನ ಪ್ರಕಾರ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲಿ 10% ಜಿಎಸ್‌ಟಿ ಸೇರಿರಬೇಕು. ಕಾರ್ಡಿನಲ್ಲಿ ಕಟ್ಟಿದರೆ ಸಣ್ಣ ಶುಲ್ಕ ಸೇರಬಹುದು. ಟಿಪ್ಸ್ ಕೊಡಲೇಬೇಕು ಅನ್ನುವ ಪದ್ಧತಿ ಅಲ್ಲಿಲ್ಲ.

ಹೆಜ್ಜೆ 5: ಆ ದಿನ ಬೆಳಗ್ಗೆ

ವಿಮಾನ ನಿಲ್ದಾಣದಿಂದ ಹಾರಾಟ ಅಂದಮಾತ್ರಕ್ಕೆ ಪ್ರಯಾಣಿಕರ ಟರ್ಮಿನಲ್‌ಗೆ ಹೋಗಬೇಡಿ. ಹೆಲಿಕಾಪ್ಟರ್ ಸಂಸ್ಥೆಗಳ ಕಟ್ಟಡಗಳು ಬೇರೆ ಕಡೆ ಇವೆ. ವಿಳಾಸವನ್ನು ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ನಗರದಿಂದ ವಿಮಾನ ನಿಲ್ದಾಣದ ಕಡೆಗೆ ಹೋಗುವ ಟಿ8 ರೈಲಿನಲ್ಲಿ ಬರುವುದಾದರೆ ಇನ್ನೊಂದು ವಿಷಯ ಗೊತ್ತಿರಲಿ. ದೇಶೀಯ ಮತ್ತು ಅಂತರರಾಷ್ಟ್ರೀಯ ಟರ್ಮಿನಲ್‌ನ ಎರಡು ನಿಲ್ದಾಣಗಳಲ್ಲಿ ಇಳಿದರೆ ಟಿಕೆಟ್ ಜೊತೆಗೆ ನಿಲ್ದಾಣದ ಶುಲ್ಕ ಅಂತ ದೊಡ್ಡ ಮೊತ್ತ ಕಡಿತವಾಗುತ್ತದೆ. ಅದಕ್ಕೂ ಮುಂಚಿನ ಮ್ಯಾಸ್ಕಾಟ್ ನಿಲ್ದಾಣದಲ್ಲಿ ಆ ಶುಲ್ಕ ಇಲ್ಲ. ಅಲ್ಲಿಳಿದು ಟ್ಯಾಕ್ಸಿ ಹಿಡಿದರಾಯಿತು.

ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಬಸ್ಸಿನಲ್ಲಿ ವಾಂತಿ ಬರುವವರು ಮಾತ್ರೆಯ ಬಗ್ಗೆ ಮುಂಚೆಯೇ ವೈದ್ಯರನ್ನು ಕೇಳಿ. ಹಾರುವಾಗ ಕೆಳಗೇ ದಿಟ್ಟಿಸುತ್ತಾ, ಫೋನಿನ ಪರದೆ ನೋಡುತ್ತಾ ಇದ್ದರೆ ತಲೆ ಸುತ್ತುವುದು ಜಾಸ್ತಿ. ದಿಗಂತದ ಕಡೆ ನೋಡಿದರೆ ಕಡಿಮೆಯಾಗುತ್ತದೆ. ಕುಡಿದು ಬಂದವರನ್ನು ಹತ್ತಿಸುವುದಿಲ್ಲ. ಹಿಂದಿನ ದಿನ ಸ್ಕೂಬಾ ಡೈವಿಂಗ್ ಮಾಡಿದ್ದರೆ, ಗರ್ಭಿಣಿಯಾಗಿದ್ದರೆ, ಮುಂಚೆಯೇ ಹೇಳಿ.

ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಬಿಳಿ ಅಂಗಿ, ಹಳದಿ ಚೂಡಿದಾರ್ ಎಲ್ಲ ಕಿಟಕಿ ಗಾಜಿನಲ್ಲಿ ಪ್ರತಿಫಲಿಸಿ ಫೋಟೊದಲ್ಲಿ ಬಂದುಬಿಡುತ್ತದೆ. ಟೋಪಿ, ಹಾರಾಡುವ ದುಪಟ್ಟಾ, ಸೆಲ್ಫಿ ಕೋಲು ಕೆಳಗೇ ಬಿಡಿ.

ಹೆಜ್ಜೆ 6: ಹತ್ತುವಾಗ, ಇದನ್ನು ದಯವಿಟ್ಟು ಓದಿ

2023ರ ಜನವರಿ 2ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಪ್ರವಾಸಿಗರನ್ನು ಹೊತ್ತ ಎರಡು ಹೆಲಿಕಾಪ್ಟರ್‌ಗಳು ಗಾಳಿಯಲ್ಲಿ ಡಿಕ್ಕಿ ಹೊಡೆದವು. ನಾಲ್ವರು ಸತ್ತರು. ಅದು ಸಿಡ್ನಿ ಅಲ್ಲ, ಬೇರೆ ಊರು. ಆದರೂ ಆ ತನಿಖೆಯಲ್ಲಿ ಹೊರಬಂದ ಒಂದು ಮಾತು ಪ್ರತಿ ಪ್ರಯಾಣಿಕರಿಗೂ ಗೊತ್ತಿರಬೇಕು. ಕೆಲವರ ಸೀಟ್‌ಬೆಲ್ಟ್ ಸರಿಯಾಗಿ ಕೂತಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡಿದ್ದ ಲೈಫ್ ಜಾಕೆಟ್‌ನ ಚೀಲ ಬೆಲ್ಟಿಗೆ ಅಡ್ಡ ಬಂದಿತ್ತು.

ನೀರಿನ ಮೇಲೆ ಹಾರುವಾಗ ನಿಮಗೂ ಅಂಥದ್ದೇ ಚೀಲ ಕೊಡಬಹುದು. ಬೆಲ್ಟ್ ಹಾಕುವಾಗ ಆ ಚೀಲವನ್ನು ಮೇಲಕ್ಕೆ ಸರಿಸಿ. ಸೊಂಟದ ಪಟ್ಟಿ ಚೀಲದ ಕೆಳಗೆ, ಸೊಂಟದ ಮೂಳೆಯ ಮೇಲೆ, ಬಿಗಿಯಾಗಿ ಕೂರಬೇಕು. ಹೊಟ್ಟೆಯ ಮೇಲಲ್ಲ. ಹೆಗಲ ಪಟ್ಟಿ ತಿರುಚಿಕೊಂಡಿರಬಾರದು. ಸಿಬ್ಬಂದಿ ಹಾಕಿಕೊಟ್ಟರೂ ನೀವೇ ಒಮ್ಮೆ ಎಳೆದು ನೋಡಿ. ಮಕ್ಕಳದ್ದನ್ನೂ ನೋಡಿ. ಬಿಚ್ಚುವುದು ಹೇಗೆ, ಬಾಗಿಲ ಹಿಡಿ ಯಾವ ಕಡೆ ತಿರುಗುತ್ತದೆ ಅಂತ ಕೈಯಿಂದ ಮುಟ್ಟಿ ಕಲಿತುಕೊಳ್ಳಿ. ಲೈಫ್ ಜಾಕೆಟ್ ಉಬ್ಬಿಸುವುದು ಹೆಲಿಕಾಪ್ಟರ್‌ನಿಂದ ಹೊರಬಂದ ಮೇಲೆಯೇ. ಒಳಗೇ ಉಬ್ಬಿಸಿದರೆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ನಡೆಯುವಾಗ ಸಿಬ್ಬಂದಿ ಕರೆದ ಮೇಲೆ ಮಾತ್ರ, ಅವರು ತೋರಿಸಿದ ದಾರಿಯಲ್ಲೇ ಹೋಗಿ. ಪೈಲಟ್‌ಗೆ ಕಾಣುವ ಹಾಗೆ ಮುಂದಿನಿಂದ ಅಥವಾ ಪಕ್ಕದಿಂದ. ಬಾಲದ ಕಡೆ ಯಾವತ್ತೂ ಬೇಡ. ಬಾಲದ ರೋಟರ್ ತಿರುಗುವಾಗ ಕಣ್ಣಿಗೇ ಕಾಣುವುದಿಲ್ಲ. ಕೈ ಮೇಲೆತ್ತಬೇಡಿ. ಏನಾದರೂ ಹಾರಿಹೋದರೆ ಹಿಂದೆ ಓಡಬೇಡಿ.

ಹೆಜ್ಜೆ 7: ಮೇಲಿನಿಂದ ಏನು ನೋಡಬೇಕು

ನಿಮ್ಮ ಸುತ್ತಿನಲ್ಲಿ ಇವೆಲ್ಲ ಬರಬೇಕೆಂದಿಲ್ಲ. ಸಿಡ್ನಿಯ ಆಕಾಶದ ಬಹುಭಾಗ ವಿಮಾನ ಸಂಚಾರ ನಿಯಂತ್ರಕರ ಕೈಯಲ್ಲಿದೆ. ಅಲ್ಲಿ ಪೈಲಟ್ ಅವರ ಅನುಮತಿ ಪಡೆದೇ ಹಾರಬೇಕು. ದೊಡ್ಡ ವಿಮಾನ ಬರುತ್ತಿದ್ದರೆ ಕಾಯಬೇಕು, ದಾರಿ ಬದಲಿಸಬೇಕು.

ಏರಿದ ಕೂಡಲೇ ಬಾಟನಿ ಬೇ ಕಡೆ ನೋಡಿ. ವಿಮಾನ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳು ನೀರಿನೊಳಕ್ಕೇ ಚಾಚಿವೆ. ಪಕ್ಕದಲ್ಲಿ ಕಂಟೇನರ್ ಬಂದರು. 1788ರಲ್ಲಿ ಬೇಡವೆಂದು ಬಿಟ್ಟುಹೋದ ಕೊಲ್ಲಿಗೇ ಇವತ್ತು ಊರಿನ ಸರಕು ಹಡಗುಗಳು ಬರುತ್ತವೆ. ಹೂಳು ತೆಗೆದು, ನೆಲ ತುಂಬಿಸಿ ಅದನ್ನು ಬಂದರು ಮಾಡಿಕೊಂಡಿದ್ದಾರೆ.

ಕರಾವಳಿಯಲ್ಲಿ ಮರೂಬ್ರಾ, ಕೂಜಿ, ಬಾಂಡೈ ಒಂದಾದ ಮೇಲೊಂದು ಬರುತ್ತವೆ. ಜೂನ್ ಜುಲೈನಲ್ಲಿ ಉತ್ತರಕ್ಕೆ, ಸೆಪ್ಟೆಂಬರ್‌ನಿಂದ ನವೆಂಬರ್ ತನಕ ದಕ್ಷಿಣಕ್ಕೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಇದೇ ದಡದ ಪಕ್ಕ ಹೋಗುತ್ತವೆ. ಕಂಡರೂ ಕೆಳಗಿಳಿಸಿ ಅಂತ ಪೈಲಟ್‌ಗೆ ಹೇಳಬೇಡಿ. ಹೆಲಿಕಾಪ್ಟರ್ ಅವುಗಳಿಂದ ಕನಿಷ್ಠ 500 ಮೀಟರ್ ದೂರ ಇರಬೇಕು.

ಹೆಡ್ಸ್ ಹತ್ತಿರ ಬಂದಾಗ ಎರಡು ದೀಪಸ್ತಂಭ ಹುಡುಕಿ. ಬಿಳಿಯದು ಮೆಕ್ವಾರಿ ದೀಪಸ್ತಂಭ. ಅಲ್ಲಿ ಮೊದಲು 1818ರಲ್ಲಿ ಕಟ್ಟಿದ್ದನ್ನು ವಿನ್ಯಾಸ ಮಾಡಿದವರು ಫ್ರಾನ್ಸಿಸ್ ಗ್ರೀನ್‌ವೇ. ಕೈದಿಯಾಗಿ ಬಂದ ವಾಸ್ತುಶಿಲ್ಪಿ. ಕಲ್ಲು ಮೆತ್ತಗಿದ್ದು ಸವೆದುಹೋಯಿತು. ಈಗ ಕಾಣುವುದು 1883ರದ್ದು, ಹಳೆಯದರ ಹೋಲಿಕೆಯಲ್ಲೇ ಕಟ್ಟಿದ್ದು. ಸೌತ್ ಹೆಡ್‌ನ ತುದಿಯಲ್ಲಿ ಕೆಂಪು ಬಿಳಿ ಪಟ್ಟೆಯ ಚಿಕ್ಕದೊಂದಿದೆ, ಹಾರ್ನ್‌ಬಿ. ಅದರ ಹಿಂದೆ ದೊಡ್ಡ ದುಃಖ ಇದೆ. 1857ರ ಆಗಸ್ಟ್‌ನ ಒಂದು ಬಿರುಗಾಳಿಯ ರಾತ್ರಿ ಡನ್ಬಾರ್ ಅನ್ನುವ ಹಡಗು ಬಂದರಿನ ಬಾಯಿಯ ಹತ್ತಿರ ಈ ಬಂಡೆಗಳಿಗೆ ಬಡಿಯಿತು. 121 ಜನ ಸತ್ತರು, ಬದುಕಿದ್ದು ಒಬ್ಬರೇ. ಮರುವರ್ಷ ಹಾರ್ನ್‌ಬಿ ದೀಪ ಬೆಳಗಿತು. ಮೇಲಿನಿಂದ ನೋಡಿದಾಗ ಬಾಗಿಲು ಎಲ್ಲಿದೆ ಅಂತ ಅಷ್ಟು ಸ್ಪಷ್ಟ. ಕತ್ತಲಲ್ಲಿ, ಕೆಳಗಿನಿಂದ, ಅಲೆಗಳ ನಡುವೆ ಅದು ಹೇಗಿದ್ದಿರಬಹುದು ಅಂತ ಒಂದು ಕ್ಷಣ ಯೋಚಿಸಿ.

ಎದುರಿನ ನಾರ್ತ್ ಹೆಡ್‌ನಲ್ಲಿ ಮರಗಳ ನಡುವೆ ಕ್ವಾರಂಟೈನ್ ಠಾಣೆಯ ಕಟ್ಟಡಗಳಿವೆ. 1830ರ ದಶಕದಿಂದ 1984ರ ತನಕ ರೋಗ ಇರಬಹುದೆಂದು ಅನುಮಾನ ಬಂದ ಹಡಗುಗಳ ಜನರನ್ನು ಇಲ್ಲೇ ಇಳಿಸಿ ಇಟ್ಟುಕೊಳ್ಳುತ್ತಿದ್ದರು. ಊರು ಕಣ್ಣಿಗೆ ಬೀಳುವ ಮುಂಚೆಯೇ ತಡೆ.

ಒಳಗೆ ತಿರುಗಿದ ಮೇಲೆ ಎಡಕ್ಕೆ ನಗರದ ಕಡೆ, ಬಲಕ್ಕೆ ಉತ್ತರ ದಡ. ಎಡಗಡೆ ಕೂತವರಿಗೆ ಈಗ ಒಪೆರಾ ಹೌಸ್ ಹತ್ತಿರ. ಬಲಗಡೆಯವರು ಬೇಜಾರು ಮಾಡಿಕೊಳ್ಳಬೇಡಿ, ಸಾಮಾನ್ಯವಾಗಿ ಪೈಲಟ್ ತಿರುಗಿಸಿ ಎರಡೂ ಕಡೆಗೆ ತೋರಿಸುತ್ತಾರೆ.

ಸೇತುವೆಗೆ ಮುಂಚೆ ನೀರಿನ ನಡುವೆ ಒಂದು ಪುಟ್ಟ ಕಲ್ಲಿನ ಕೋಟೆ ಸಿಗುತ್ತದೆ, ಫೋರ್ಟ್ ಡೆನಿಸನ್. ತಪ್ಪಿಸಿಕೊಳ್ಳುವುದು ಸುಲಭ, ಕಣ್ಣಿಟ್ಟಿರಿ. 1839ರಲ್ಲಿ ಅಮೆರಿಕದ ಎರಡು ಯುದ್ಧನೌಕೆಗಳು ರಾತ್ರೋರಾತ್ರಿ ಯಾರಿಗೂ ಗೊತ್ತಾಗದೆ ಬಂದರಿನೊಳಗೆ ಬಂದು ಲಂಗರು ಹಾಕಿದ್ದವು. ಬೆಳಗ್ಗೆ ಎದ್ದು ನೋಡಿದ ಊರಿಗೆ ದಿಗಿಲಾಯಿತು. ಆಮೇಲೆ ಕೋಟೆಯ ಕೆಲಸ ಶುರುವಾಗಿ, ನಡುವೆ ನಿಂತು, 1857ರಲ್ಲಿ ಮುಗಿಯಿತು. ಎಡಕ್ಕೆ ನೌಕಾಪಡೆಯ ಹಡಗುಗಳು ನಿಂತಿರುವುದು ಗಾರ್ಡನ್ ಐಲೆಂಡ್. ಹೆಸರಿಗೆ ದ್ವೀಪ. ಎರಡನೆಯ ಮಹಾಯುದ್ಧದಲ್ಲಿ ದೊಡ್ಡ ಹಡಗುಕಟ್ಟೆ ಕಟ್ಟಲು ನಡುವಿನ ನೀರನ್ನು ತುಂಬಿಸಿ ನೆಲಕ್ಕೆ ಸೇರಿಸಿಬಿಟ್ಟರು. 1942ರ ಮೇ 31ರ ರಾತ್ರಿ ಜಪಾನಿನ ಮೂರು ಪುಟಾಣಿ ಜಲಾಂತರ್ಗಾಮಿಗಳು ಬಂದರಿಗೆ ನುಸುಳಿದವು. ಅವುಗಳಲ್ಲಿ ಒಂದರ ಟಾರ್ಪಿಡೊ ದಾಳಿಯಲ್ಲಿ, ಇಲ್ಲಿ ನಿಂತಿದ್ದ ಕುಟ್ಟಾಬುಲ್ ಅನ್ನುವ ಹಳೆಯ ಫೆರ್ರಿ ಮುಳುಗಿ, ಅದರಲ್ಲಿ ಮಲಗಿದ್ದ 21 ನಾವಿಕರು ಸತ್ತರು. ಹಡಗಿಗೆ ಆಸರೆ ಕೊಡುವ ಮಡಿಕೆಗಳೇ ಶತ್ರುವಿಗೂ ಅಡಗಲು ಜಾಗ ಕೊಟ್ಟವು.

ಒಪೆರಾ ಹೌಸ್ ನಿಂತಿರುವ ಮೂತಿಯ ಹೆಸರು ಬೆನೆಲಾಂಗ್ ಪಾಯಿಂಟ್. ಇನ್ನೊಂದು ಮೂಲನಿವಾಸಿ ಗುಂಪಾದ ವಾಂಗಲ್ ಜನರ ಬೆನೆಲಾಂಗ್ ಅನ್ನುವವರಿಗೆ ಫಿಲಿಪ್ 1790ರಲ್ಲಿ ಇಲ್ಲಿ ಗುಡಿಸಲು ಕಟ್ಟಿಸಿಕೊಟ್ಟಿದ್ದರು. ಆಮೇಲೆ ಕೋಟೆ ಬಂತು, ಆಮೇಲೆ ಟ್ರಾಮ್ ಡಿಪೊ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್ 1957ರಲ್ಲಿ ಒಪೆರಾ ಹೌಸ್‌ನ ವಿನ್ಯಾಸ ಸ್ಪರ್ಧೆ ಗೆದ್ದರು. 1966ರಲ್ಲಿ ಸರ್ಕಾರದ ಜೊತೆ ಮನಸ್ತಾಪವಾಗಿ ಕೆಲಸ ಬಿಟ್ಟು ಹೊರಟುಹೋದರು. 1973ರ ಅಕ್ಟೋಬರ್ 20ರಂದು ಉದ್ಘಾಟನೆಯಾಯಿತು. ಕಟ್ಟಡ ಮುಗಿದದ್ದನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಮೇಲಿನಿಂದ ಚಿಪ್ಪುಗಳು ಮೂರು ಗುಂಪಾಗಿ ಬಿಡಿಸಿಕೊಳ್ಳುತ್ತವೆ. ಎರಡು ದೊಡ್ಡವು, ಒಂದು ಚಿಕ್ಕದು. ಎಲ್ಲ ಚಿಪ್ಪುಗಳೂ ಒಂದೇ ಗೋಳದ ಮೈಯಿಂದ ಕತ್ತರಿಸಿದ ತುಂಡುಗಳು. ಆ ಯೋಚನೆ ಹೊಳೆದ ಮೇಲೆಯೇ ಅವನ್ನು ಕಟ್ಟುವುದು ಸಾಧ್ಯವಾಯಿತು. ದಡದಲ್ಲಿ ನಿಂತವರಿಗೆ ಇದು ಕಾಣುವುದಿಲ್ಲ. ಮೇಲಿನಿಂದ ಬಾಗು ಬಾಗಿಗೂ ಹೊಂದಿಕೆ ಕಾಣುತ್ತದೆ. ಹತ್ತು ಲಕ್ಷಕ್ಕೂ ಮಿಕ್ಕಿದ ಹೆಂಚುಗಳಲ್ಲಿ ಹೊಳೆಯುವ ಬಿಳಿ, ಮಂಕು ಕೆನೆ ಬಣ್ಣ ಎರಡೂ ಇವೆ. ಬೆಳಗಿನ ಬಿಸಿಲಿನಲ್ಲಿ ಆ ಪಟ್ಟಿಗಳನ್ನು ಗಮನಿಸಿ.

ಸೇತುವೆ 1932ರ ಮಾರ್ಚ್ 19ರಂದು ತೆರೆಯಿತು. ಕಮಾನು ಒಂದು ಬುಡದಿಂದ ಇನ್ನೊಂದು ಬುಡಕ್ಕೆ 503 ಮೀಟರ್, ನೀರಿನಿಂದ ತುದಿಗೆ 134 ಮೀಟರ್. ಎರಡೂ ದಡದಿಂದ ಅರ್ಧರ್ಧ ಕಮಾನು ಬೆಳೆಸುತ್ತಾ ಬಂದು 1930ರ ಆಗಸ್ಟ್‌ನಲ್ಲಿ ನಡುವೆ ಕೂಡಿಸಿದರು. ನಾಲ್ಕು ಕಲ್ಲಿನ ಗೋಪುರಗಳು ಕಮಾನನ್ನು ಹೊತ್ತಿವೆ ಅಂತ ಅನ್ನಿಸುತ್ತದೆ, ಅಲ್ವಾ? ಇಲ್ಲ, ಅವು ನೋಟಕ್ಕೆ ಕಟ್ಟಿದವು. ಭಾರವೆಲ್ಲ ಅವುಗಳ ಬುಡದಲ್ಲಿರುವ ಕೀಲುಗಳ ಮೂಲಕ ನೆಲಕ್ಕೆ ಹೋಗುತ್ತದೆ. ಇನ್ನೊಂದು ನೋಡಿ. ರೈಲು ಹಳಿ ಇರುವುದು ಪಶ್ಚಿಮದ ಕಡೆ ಮಾತ್ರ. ಪೂರ್ವದ ಕಡೆ 1958ರ ತನಕ ಟ್ರಾಮ್ ಓಡುತ್ತಿತ್ತು. ಈಗ ಅಲ್ಲಿ ವಾಹನಗಳು ಓಡುತ್ತವೆ.

ಸೇತುವೆ ದಾಟಿ ಪಶ್ಚಿಮಕ್ಕೆ ಹೋಗುವ ಸುತ್ತಾದರೆ ಕಾಕಟೂ ದ್ವೀಪ ಸಿಗುತ್ತದೆ, ಬಂದರಿನಲ್ಲೇ ದೊಡ್ಡದು. 1839ರಿಂದ 1869ರ ತನಕ ಸೆರೆಮನೆ. ಬಂಡೆ ಕಡಿದು ಹಡಗುಕಟ್ಟೆ ಮಾಡಿದವರು ಆ ಕೈದಿಗಳೇ. ಮೇಲಿನಿಂದ ಆ ಕಟ್ಟೆಯ ನೀಳ ಗುಂಡಿ ದ್ವೀಪದ ಒಂದು ಪಕ್ಕವನ್ನು ಸೀಳಿದಂತೆ ಕಾಣುತ್ತದೆ. 2010ರಲ್ಲಿ ಯುನೆಸ್ಕೊ ಇದನ್ನು ಆಸ್ಟ್ರೇಲಿಯಾದ ಇತರ ಕೈದಿ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಇಡೀ ಸುತ್ತಿನಲ್ಲಿ ತುಂಬಾ ಮುಖ್ಯ ಅನ್ನಿಸುವ ಜಾಗ ಇದು. ಚಂದಕ್ಕಲ್ಲ. ಈ ಊರನ್ನು ಯಾರ ಕೈಗಳು ಕೊರೆದು ಕಟ್ಟಿದವು ಅನ್ನುವುದು ಇಲ್ಲಿ ಕಲ್ಲಿನಲ್ಲೇ ಉಳಿದಿದೆ.

ಹೆಜ್ಜೆ 8: ಫೋಟೊ

ಹೋಗುವಾಗ ಕಣ್ಣು, ವಾಪಸ್ ಬರುವಾಗ ಕ್ಯಾಮೆರಾ. ಈ ಒಂದು ನಿಯಮ ಇಟ್ಟುಕೊಂಡರೆ ಎರಡೂ ಸಿಗುತ್ತದೆ. ಹೆಡ್ಸ್ ದಾಟಿ ಒಳಗೆ ತಿರುಗುವ ಕ್ಷಣವನ್ನಂತೂ ಪರದೆಯಲ್ಲಿ ನೋಡಬೇಡಿ.

ಕ್ಯಾಮೆರಾ ಇದ್ದರೆ ಶಟರ್ ವೇಗ ಸೆಕೆಂಡಿನ 1/1000 ಅಥವಾ ಅದಕ್ಕಿಂತ ಹೆಚ್ಚು ಇಡಿ. ಮಸೂರವನ್ನು ಗಾಜಿಗೆ ಹತ್ತಿರ ಹಿಡಿಯಿರಿ, ತಾಗಿಸಬೇಡಿ. ತಾಗಿದರೆ ನಡುಕವೆಲ್ಲ ಫೋಟೊಗೆ ಬರುತ್ತದೆ. ಮಸೂರಕ್ಕೆ ಪೋಲರೈಸರ್ ಅನ್ನುವ ಫಿಲ್ಟರ್ ಹಾಕಿದ್ದರೆ ತೆಗೆದುಬಿಡಿ, ಹೆಲಿಕಾಪ್ಟರ್ ಕಿಟಕಿಯ ಪ್ಲಾಸ್ಟಿಕ್ ಗಾಜಿನಲ್ಲಿ ಅದು ಬಣ್ಣಬಣ್ಣದ ಪಟ್ಟೆ ಎಬ್ಬಿಸುತ್ತದೆ. ಫೋನಿಗೆ ಕೈಪಟ್ಟಿ ಕಟ್ಟಿಕೊಳ್ಳಿ.

ಹಾರಾಟ ರದ್ದಾದರೆ

ಪೈಲಟ್ ಬೇಡ ಅಂದರೆ ವಾದ ಮಾಡಬೇಡಿ. ಮೊದಲು ಬೇರೆ ದಿನ ಬರೆಸಿಕೊಳ್ಳಿ. ಆಮೇಲೆ ಸೇತುವೆಯ ಆಗ್ನೇಯ ಗೋಪುರಕ್ಕೆ ಹೋಗಿ. 200 ಮೆಟ್ಟಿಲು ಹತ್ತಿದರೆ ನೀರಿನಿಂದ 87 ಮೀಟರ್ ಮೇಲೆ ನಿಲ್ಲುತ್ತೀರಿ. ಕೋಟೆ, ಒಪೆರಾ ಹೌಸ್, ಸರ್ಕ್ಯುಲರ್ ಕೀ ಎಲ್ಲ ಒಂದೇ ನೋಟದಲ್ಲಿ ಸಿಗುತ್ತವೆ. ಅಲ್ಲಿಂದ ಇಳಿದು ಎಫ್1 ಫೆರ್ರಿ ಹತ್ತಿ ಮ್ಯಾನ್ಲಿಗೆ ಹೋಗಿ. ಸುಮಾರು ಅರ್ಧ ಗಂಟೆಯ ದಾರಿ. ಬಸ್ಸಿಗೆ ಬಳಸುವ ಕಾರ್ಡನ್ನೇ ಒತ್ತಿದರೆ ಸಾಕು. ಹೆಡ್ಸ್‌ನ ಎದುರಿಗೆ ಹಾಯುವಾಗ ಹೊರಗಿನ ಕಡಲ ಅಲೆಗೆ ಫೆರ್ರಿ ತೂಗುತ್ತದೆ. ಹೋಗುವಾಗ ಬಲಗಡೆ ಕೂತರೆ ಆ ಬಾಗಿಲು ನಿಮ್ಮ ಕಡೆಯೇ ಬರುತ್ತದೆ.